ಯಾವುದನ್ನು ಹೆಚ್ಚಿಸುತ್ತೀರಿ, ಸ್ವಾಮಿ?

ಕೋವಿಡ್ ಅಬ್ಬರ ಇಳಿಯಿತು. ಅದರ ಬೆನ್ನಿಗೇ ಬಂದ ‘ಇಮ್ಯುನಿಟಿ ಬೂಸ್ಟರ್’ ಮಾತ್ರ ಇಲ್ಲೇ ಠಿಕಾಣಿ ಹೂಡಿದೆ. ಕಷಾಯದ ಪುಡಿ, ಜ್ಯೂಸು, ಬಿಸ್ಕತ್ತು, ಕೊನೆಗೆ ಹಾಲಿಗೆ ಹಾಕುವ ಅರಿಸಿನದ ಪೊಟ್ಟಣದ ಮೇಲೂ ಅದೇ ಮಂತ್ರ: ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’. ಯಾವ ಭಾಗವನ್ನು ಹೆಚ್ಚಿಸುತ್ತದೆ, ಎಷ್ಟು ಹೆಚ್ಚಿಸುತ್ತದೆ, ಹೆಚ್ಚಾದದ್ದನ್ನು ಏನು ಮಾಡಬೇಕು? ಲೇಬಲ್ ಮೇಲೆ ಅದೊಂದೂ ಇಲ್ಲ. ಪಾಪ, ಜಾಗ ಸಾಲದೆ ಬಿಟ್ಟಿರಬೇಕು. ಅವರ ಶ್ರಮ ತಗ್ಗಲೆಂದು ನಾನೇ ಒಂದು ಭಾಗವನ್ನು ಆರಿಸಿಕೊಡುತ್ತೇನೆ. ಹೆಸರು ಕಾಂಪ್ಲಿಮೆಂಟ್.

ಇದು ರಕ್ತದಲ್ಲಿ ಹಗಲಿರುಳು ಗಸ್ತು ತಿರುಗುವ ಪ್ರೋಟೀನುಗಳ ಪಡೆ. ಬಹುಪಾಲು ತಯಾರಾಗುವುದು ಯಕೃತ್ತಿನಲ್ಲಿ. ಸೀರಮ್ಮನ್ನು 56 ಡಿಗ್ರಿಗೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಕೊಲ್ಲುವ ಅದರ ಕಸುವು ಹೋಗುತ್ತದೆ, ಪ್ರತಿಕಾಯಗಳು ಮಾತ್ರ ಉಳಿಯುತ್ತವೆ. ಆ ಹೋದ ಕಸುವೇ ಕಾಂಪ್ಲಿಮೆಂಟ್; ಅದರ ಬೆನ್ನು ಹತ್ತಿದ ಬೆಲ್ಜಿಯಂನ ಜೂಲ್ಸ್ ಬೋರ್ಡೆಗೆ 1919ರ ನೊಬೆಲ್ ಬಂತು. ಪಡೆಯ ಮುಖ್ಯ ಸದಸ್ಯರಿಗೆ ಸಿ-1ರಿಂದ ಸಿ-9ರವರೆಗೆ ನಂಬರು ಕೊಟ್ಟಿದ್ದಾರೆ. ಆದರೆ ಕೆಲಸ ಸಾಗುವುದು ಒಂದರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ, ಅಲ್ಲಿಂದ ಮೂರಕ್ಕೆ. ತಾಲ್ಲೂಕು ಕಚೇರಿಯಲ್ಲಿ ಕಡತ ಓಡಾಡುವುದೂ ಹೀಗೇ. ಇಲ್ಲಿ ಮಾತ್ರ ಕೆಲಸ ನಿಮಿಷಗಳಲ್ಲಿ ಆಗುತ್ತದೆ, ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ.

ಕೊಲೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿ. ಬ್ಯಾಕ್ಟೀರಿಯಾದ ಮೈಮೇಲೆ ಸಿ-5 ಎರಡು ತುಂಡಾಗುತ್ತದೆ. ದೊಡ್ಡ ತುಂಡಿಗೆ ಸಿ-6 ಅಂಟುತ್ತದೆ. ಸಿ-7 ಬಂದು ಕೂಡಿದೊಡನೆ ಆ ಗುಂಪು ಪೊರೆಯನ್ನು ಕಚ್ಚಿ ಹಿಡಿಯುತ್ತದೆ. ಸಿ-8 ಮೊದಲ ಚುಚ್ಚು ಹಾಕುತ್ತದೆ. ಆಮೇಲೆ ಸಿ-9ಗಳು ಒಂದೊಂದಾಗಿ ಬಂದು, ಮಡಿಕೆ ಬಿಚ್ಚಿಕೊಂಡು ಪೊರೆಯೊಳಗೆ ಇಳಿಯುತ್ತವೆ. ಹೀಗೆ 18ರವರೆಗೆ ಸಾಲುಗೂಡಿ ಉಂಗುರ ಕಟ್ಟುತ್ತವೆ. ನಡುವೆ ಸುಮಾರು 10 ನ್ಯಾನೋಮೀಟರ್ ಅಗಲದ ತೂತು. ಇದೇ ಮೆಂಬ್ರೇನ್ ಅಟ್ಯಾಕ್ ಕಾಂಪ್ಲೆಕ್ಸ್, ಅಂದರೆ ಮ್ಯಾಕ್. ವಿಷವಿಲ್ಲ, ಬೆಂಕಿಯಿಲ್ಲ, ಬರೀ ತೂತು. ದಾಳಿಗೆ ಸಿಕ್ಕಿದ್ದು ಕೆಂಪು ರಕ್ತಕಣವಾದರೆ ನೀರು ನುಗ್ಗಿ ಉಬ್ಬಿ ಒಡೆಯುತ್ತದೆ. ಬ್ಯಾಕ್ಟೀರಿಯಾವಾದರೆ ಹೊರಪೊರೆ ಹರಿದು, ಒಳಪೊರೆಯೂ ಕೆಟ್ಟು ಸಾಯುತ್ತದೆ. ಕೆಂಪು ಕಣಗಳ ಪೊರೆಯ ಮೇಲಿನ ಈ ತೂತುಗಳು 1964ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಬಿದ್ದವು.

ಭಲೇ, ಇದನ್ನೇ ಹೆಚ್ಚಿಸೋಣ ಎನ್ನುತ್ತೀರಾ? ಒಂದು ಸಣ್ಣ ತೊಡಕಿದೆ. ಮ್ಯಾಕ್‌ಗೆ ತನ್ನವರು ಪರರು ಎಂಬ ಭೇದವಿಲ್ಲ. ಕೈಗೆ ಸಿಕ್ಕ ಪೊರೆಗೆ ತೂತು ಕೊರೆಯುವುದಷ್ಟೇ ಗೊತ್ತು. ನಾವು ಬದುಕಿರುವುದು ನಮ್ಮ ಜೀವಕೋಶಗಳ ಮೇಲೆ ಸಿಡಿ-59 ಎಂಬ ಕಾವಲುಗಾರ ನಿಂತು, ಸಿ-9ಗಳು ಉಂಗುರ ಕಟ್ಟದಂತೆ ಅಡ್ಡಗಟ್ಟುವುದರಿಂದ. ಅಸ್ಥಿಮಜ್ಜೆಯ ಒಂದು ಕಾಂಡಕೋಶದಲ್ಲಿ ಪಿಗ್-ಎ ಎಂಬ ಜೀನ್ ಕೆಟ್ಟು ಅದರ ಸಂತತಿ ಬೆಳೆದರೆ, ಆ ಕೆಂಪು ಕಣಗಳ ಮೇಲೆ ಕಾವಲುಗಾರನಿಗೆ ಕಾಲೂರಲು ಜಾಗವೇ ಇರುವುದಿಲ್ಲ. ಆಗ ಕಾಂಪ್ಲಿಮೆಂಟ್ ಮನೆಯವರ ಮೇಲೇ ಏರಿ ಹೋಗುತ್ತದೆ. ರಕ್ತಕಣಗಳು ಒಡೆಯುತ್ತವೆ, ಬೆಳಗಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಸಂಚಕಾರ ಬರುತ್ತದೆ. ಪಿಎನ್‌ಎಚ್ ಎಂಬ ಈ ಕಾಯಿಲೆಯ ರೋಗಿಯ ಮೇಲೆ ಕಾಂಪ್ಲಿಮೆಂಟಿನ ಶಕ್ತಿ ತುಂಬ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ. ಜಾಹೀರಾತಿಗೆ ಒಳ್ಳೆಯ ಫೋಟೋ.

ಈ ಶಕ್ತಿಯನ್ನು ಹೆಚ್ಚಿಸಲು ಅಲ್ಲ, ತಗ್ಗಿಸಲು ಜನ ಕೊಟ್ಟ ದುಡ್ಡು ಕೇಳಿ. ಸಿ-5 ತುಂಡಾಗದಂತೆ ತಡೆಯುವ ಎಕುಲಿಜುಮ್ಯಾಬ್ ಔಷಧಕ್ಕೆ 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಅದರ ವರ್ಷದ ಖರ್ಚು ನಾಲ್ಕು ಲಕ್ಷ ಡಾಲರ್ ದಾಟಿತು. ಬೂಸ್ಟರ್ ಮಾರುವವರು ಬೋರ್ಡು ತಿರುಗಿಸಿ ‘ಇಮ್ಯುನಿಟಿ ತಗ್ಗಿಸಲಾಗುವುದು’ ಎಂದು ಬರೆಸಿದರೆ ಲಾಭವೇ ಹೆಚ್ಚು.

ಹಾಗಾದರೆ ಸಿ-9 ಒಂದನ್ನಾದರೂ ಹೆಚ್ಚಿಸಬಾರದೇ? ಜಪಾನಿನಲ್ಲಿ ಸರಿಸುಮಾರು ಸಾವಿರಕ್ಕೊಬ್ಬರಲ್ಲಿ ಹುಟ್ಟಿನಿಂದಲೇ ಸಿ-9 ಇಲ್ಲ; ಹೆಚ್ಚಿನವರು ಅದರ ಸುಳಿವೂ ಇಲ್ಲದೆ ಆರಾಮಾಗಿದ್ದಾರೆ. ದಪ್ಪ ಗೋಡೆಯ ಸ್ಟ್ಯಾಫಿಲೋಕಾಕಸ್ ಅಂಥವಕ್ಕೆ ಮ್ಯಾಕ್ ಲೆಕ್ಕಕ್ಕೇ ಇಲ್ಲ. ಅದು ನಿಜಕ್ಕೂ ಅನಿವಾರ್ಯವಾಗುವುದು ಮಿದುಳುಪೊರೆಯ ಜ್ವರ ತರುವ ಮೆನಿಂಗೊಕಾಕಸ್ ಬಳಗದ ಎದುರು. ಎಕುಲಿಜುಮ್ಯಾಬ್ ತೆಗೆದುಕೊಳ್ಳುವವರಿಗೆ ಆ ರೋಗದ ಲಸಿಕೆ ಹಾಕಿಸುವುದು ಅದಕ್ಕೇ.

ಕಾಂಪ್ಲಿಮೆಂಟನ್ನು ಖಂಡಿತವಾಗಿ ಬೂಸ್ಟ್ ಮಾಡುವ ಪರಿಶುದ್ಧ ನೈಸರ್ಗಿಕ ವಸ್ತು ಒಂದಿದೆ: ನಾಗರಹಾವಿನ ವಿಷ. ಅದರಲ್ಲಿರುವ ಒಂದು ಪ್ರೋಟೀನು ನಮ್ಮ ಸಿ-3ರ ತುಂಡಿನ ವೇಷ ಹಾಕುತ್ತದೆ. ಆ ತುಂಡು ಸೇರಿ ಕಟ್ಟುವ, ಸಿ-3ನ್ನು ಕತ್ತರಿಸುವ ನಮ್ಮದೇ ಕಿಣ್ವವಾದರೆ ಒಂದೆರಡು ನಿಮಿಷದಲ್ಲಿ ಕಳಚಿಕೊಳ್ಳಬೇಕು; ವಿಷದ ನೆರವಿನಿಂದ ಕಟ್ಟಿದ್ದು ಗಂಟೆಗಟ್ಟಲೆ ದುಡಿಯುತ್ತದೆ, ಅಂಕೆಗೂ ಸಿಗುವುದಿಲ್ಲ. ಕೊನೆಗೆ ಕಾಂಪ್ಲಿಮೆಂಟ್ ಪೂರ್ತಿ ಖಾಲಿ. ಪ್ರಯೋಗದ ಪ್ರಾಣಿಗಳಲ್ಲಿ ಕಾಂಪ್ಲಿಮೆಂಟ್ ಬರಿದು ಮಾಡಲು ವಿಜ್ಞಾನಿಗಳು ಬಳಸುವುದೂ ಇದನ್ನೇ. ಆಯುರ್ವೇದ, ಅಲೋಪತಿ ಎಂಬ ತಂಟೆಯಿಲ್ಲ. ನೂರಕ್ಕೆ ನೂರು ಕೆಮಿಕಲ್ ಫ್ರೀ ಎಂದು ಲೇಬಲ್ ಹಚ್ಚಿ ಮಾರಲು ಅಡ್ಡಿಯಿಲ್ಲ.

2020ರಲ್ಲಿ ನಾವು ಕಷಾಯಕ್ಕೆ ಸಾಲುಗಟ್ಟಿದ್ದೆವಲ್ಲ, ಅದೇ ವರ್ಷ ಬ್ರಿಟನ್ನಿನ ರಿಕವರಿ ಪ್ರಯೋಗ ಒಂದು ಅಗ್ಗದ ಹಳೆಯ ಔಷಧದ ಫಲಿತಾಂಶ ಹೊರಹಾಕಿತು. ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದ ಆ ಡೆಕ್ಸಾಮೆಥಾಸೋನ್ ಮಾಡುವ ಕೆಲಸ, ಕೆರಳಿದ ನಿರೋಧಕ ಶಕ್ತಿಯನ್ನು ಅದುಮುವುದು.

ದೇಹಕ್ಕೆ ಬೇಕಿರುವುದು ಹೆಚ್ಚಿನ ಶಕ್ತಿಯಲ್ಲ, ಯಾರನ್ನು ಹೊಡೆಯಬೇಕೆಂಬ ತಿಳಿವಳಿಕೆ. ಅದನ್ನು ಕಲಿಸುವ ಸಾಧನಕ್ಕೆ ಲಸಿಕೆ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಿಗೆ ಪುಕ್ಕಟೆ ಸಿಗುತ್ತದೆ, ಬಹುಶಃ ಅದಕ್ಕೇ ಅದರ ಮೇಲೆ ಅನುಮಾನ. ಕಷಾಯ ಕುಡಿಯಿರಿ, ಮಳೆಗಾಲಕ್ಕೆ ಅದರ ರುಚಿಯೇ ಬೇರೆ. ಆದರೆ ಬಾಟಲಿಗೆ ಐನೂರು ರೂಪಾಯಿ ಎಣಿಸುವ ಮುಂಚೆ ‘ಯಾವುದನ್ನು ಹೆಚ್ಚಿಸುತ್ತೀರಿ, ಸ್ವಾಮಿ?’ ಎಂದು ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.