ಮೀಟರ್ ರಾಯರು

ನಮ್ಮ ರಸ್ತೆಗೆ ಹೊಸದಾಗಿ ಬಾಡಿಗೆಗೆ ಬಂದವರು, ‘ಮೀಟರ್ ರಾಯರು’ ಅನ್ನುವ ಹೆಸರು ಕೇಳಿದರೆ ಕರೆಂಟ್ ಬಿಲ್ ಬರೆಯುವವರಿರಬೇಕು ಅಂದುಕೊಳ್ಳುತ್ತಾರೆ. ಸ್ವಲ್ಪ ಲೋಕ ಕಂಡವರು ಮೀಟರ್ ಬಡ್ಡಿಯವರಿರಬಹುದೆಂದು ಗೇಟಿಗೆ ಚಿಲಕ ಹಾಕಿಕೊಳ್ಳುತ್ತಾರೆ. ಎರಡೂ ಅಲ್ಲ. ರಾಯರು ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ 34 ವರ್ಷ ದುಡಿದು ನಿವೃತ್ತರಾದವರು. ಕಾರ್ಖಾನೆ ಬಿಟ್ಟಿತು, ಟೆಸ್ಟಿಂಗ್ ಬಿಡಲಿಲ್ಲ. ಬೆಳಗಾದರೆ ಕೈಯಲ್ಲಿ ಹಳದಿ ಬಣ್ಣದ ಮಲ್ಟಿಮೀಟರ್, ಜನಿವಾರದ ಮೇಲೆ ಕೆಂಪು ಕಪ್ಪು ಎರಡು ಎಳೆ ಹೆಚ್ಚಿಗೆ.

ಮನೆಗೆ ಹೋದವರಿಗೆ ಕಾಫಿಗೆ ಮುಂಚೆ ಮೀಟರಿನ ಸ್ಥಳಪುರಾಣ. ‘ಮೆಕಾಡಿ ಅಂತ ಬ್ರಿಟಿಷ್ ಅಂಚೆ ಇಲಾಖೆ ಎಂಜಿನಿಯರು ಕಣಯ್ಯ. ಆಂಪ್ಸ್‌ಗೊಂದು, ವೋಲ್ಟ್ಸ್‌ಗೊಂದು, ಓಮ್ಸ್‌ಗೊಂದು ಮೀಟರ್ ಹೊತ್ತು ಹೊತ್ತು ಸಾಕಾಗಿ ಮೂರನ್ನೂ ಒಂದೇ ಪೆಟ್ಟಿಗೆಗೆ ತುಂಬಿಸಿದ. 1923ರಲ್ಲಿ ಮಾರ್ಕೆಟ್ಟಿಗೆ ಬಂತು. ಮೂರರ ಮೊದಲಕ್ಷರ ಸೇರಿಸಿ ಆವೋ ಅಂತ ಹೆಸರು.’ ಇವರ ವಿಭಾಗಕ್ಕೆ ಉತ್ತರದ ಕಡೆಯಿಂದ ಬಂದ ಹೊಸ ಸಾಹೇಬರೊಬ್ಬರು ‘ಆವೋ ಲಾವೋ’ ಅಂದಾಗ, ಬಾ ಅಂತಿದಾರೋ ತಗೊಂಡು ಬಾ ಅಂತಿದಾರೋ ತಿಳಿಯದೆ ಹೆಲ್ಪರ್ ಹುಡುಗ ಬರಿಗೈಲಿ ಹೋಗಿ ನಿಂತನಂತೆ. ಈ ಕಥೆ ನಾನು ಹನ್ನೊಂದು ಸಲ ಕೇಳಿದ್ದೇನೆ. ಪ್ರತಿ ಸಲವೂ ರಾಯರೇ ಮೊದಲು ನಗುತ್ತಾರೆ.

ಒಮ್ಮೆ ನನಗೂ ವಿದ್ಯೆ ಹೇಳಿಕೊಡಲು ಕೂತರು. ಒಂದು ಡಯೋಡ್ ತೆಗೆದು ಮೀಟರಿನ ಎರಡು ಕಡ್ಡಿ ಮುಟ್ಟಿಸಿದರು. 0.6ರ ಹತ್ತಿರ ಏನೋ ಬಂತು. ‘ಸಿಲಿಕಾನ್, ಹೀಗೇ ಬರಬೇಕು.’ ಕಡ್ಡಿ ಅದಲುಬದಲು ಮಾಡಿದರು. ಎಡಗಡೆ ಮೂಲೆಯಲ್ಲಿ ಒಂಟಿಯಾಗಿ ‘1’ ಅಂತ ನಿಂತಿತು.

‘ಒಂದು ವೋಲ್ಟಾ ಸಾರ್?’

‘ಅಯ್ಯೋ, ಅದು ಒಂದಲ್ಲಯ್ಯ, ಅನಂತ. ಅಳತೆಗೆ ಸಿಗಲಿಲ್ಲ ಅಂತ ಅರ್ಥ.’

ಒಂದು ಅಂದರೆ ಅನಂತ, ಅದು ಅಳತೆಗೆ ಸಿಗದು. ಇದನ್ನು ಹೇಳಲು ಶಂಕರಾಚಾರ್ಯರು ಭಾಷ್ಯ ಬರೆದರು, ರಾಯರಿಗೆ ಒಂಬತ್ತು ವೋಲ್ಟಿನ ಬ್ಯಾಟರಿ ಸಾಕಾಯಿತು.

ರೆಸಿಸ್ಟರ್ ಹಿಡಿದಾಗ ಬೈಗುಳ ಬಿತ್ತು. ಹತ್ತು ಲಕ್ಷ ಓಮ್ಸಿನದನ್ನು ನಾನು ಎರಡೂ ಕೈ ಬೆರಳಲ್ಲಿ ಕಡ್ಡಿಗೆ ಒತ್ತಿ ಹಿಡಿದಿದ್ದೆ. ಮೀಟರ್ ಆರು ಲಕ್ಷ ಅಂತು. ‘ಕೈ ತೆಗಿ! ನೀನೂ ಒಂದು ರೆಸಿಸ್ಟರ್ರೇ!’ ಮೈಯಲ್ಲೂ ಕರೆಂಟು ಹರಿದು ಲೆಕ್ಕ ಕೆಡುತ್ತದಂತೆ. ಕೈ ಬೆವೆತರೆ ಇನ್ನೂ ಕೆಡುತ್ತದಂತೆ. ಇದು ತಿಳಿದಿದ್ದರಿಂದಲೇ ರಾಯರು ತಂಗಿ ಮಗನ ಪಿಯುಸಿ ಫಲಿತಾಂಶದ ದಿನ ಅವನ ಎರಡು ಕೈಗೆ ಕಡ್ಡಿ ಕೊಟ್ಟು, ಅಂಕಪಟ್ಟಿ ನೋಡುವ ಮೊದಲೇ ‘ಗಣಿತ ಹೋಗಿದೆ’ ಅಂದರು. ಹೋಗಿತ್ತು.

ಅವರ ಹಿಂದಿನ ಕೋಣೆಯ ತುಂಬ ಬೋರ್ನ್‌ವಿಟಾ ಡಬ್ಬಗಳು. ಸತ್ತ ರೇಡಿಯೋ, ಟೀವಿ, ಯುಪಿಎಸ್‌ಗಳಿಂದ ಕಿತ್ತದ್ದೆಲ್ಲ ಅಲ್ಲಿ ‘ಗುಡ್’, ‘ಡೆಡ್’, ‘ಡೌಟ್’ ಎಂದು ಮೂರು ಮತಗಳಾಗಿ ಕೂತಿವೆ. ಡೌಟ್ ಡಬ್ಬಗಳೇ ಹೆಚ್ಚು. ಬೋರ್ಡಿನ ಮೇಲಿರುವಾಗಲೇ ಅಳೆದರೆ ಪಕ್ಕದವನ ಲೆಕ್ಕವೂ ಸೇರಿ 10 ಸಾವಿರದ್ದು ಮೂರು ಸಾವಿರ ತೋರಿಸಬಹುದು. ‘ಅವಿಭಕ್ತ ಕುಟುಂಬ ಇದ್ದ ಹಾಗೆ. ಯಾರು ಎಷ್ಟರವನು ಅಂತ ತಿಳೀಬೇಕಾದರೆ ಒಂದು ಕಾಲಾದರೂ ಮನೆಯಿಂದ ಆಚೆ ಇಡಿಸಬೇಕು’ ಅನ್ನುತ್ತಾರೆ. ಗುಡ್ ಡಬ್ಬದ ಸಾಮಾನಿನಿಂದ ಇದುವರೆಗೆ ಏನನ್ನಾದರೂ ಕಟ್ಟಿದ್ದಾರೆಯೇ ಅಂತ ನೀವು ಕೇಳಬಾರದು. ನಾನು ಕೇಳಿ ಎರಡು ವಾರ ಕಾಫಿ ಕಳೆದುಕೊಂಡೆ.

ರಿಪೇರಿ ಅವರ ಕುಲಕಸುಬಲ್ಲ. ತೀರ್ಪು ಕೊಡುವುದಷ್ಟೇ. ನಮ್ಮ ಮನೆಯ ಮಿಕ್ಸಿ ಚಟ್ನಿ ರುಬ್ಬುತ್ತ ರುಬ್ಬುತ್ತ ನಿಂತುಹೋದಾಗ ಅವರೇ ಬಂದರು. ಪ್ಲಗ್ಗಿನ ಕಾಲುಗಳಿಗೆ ಕಡ್ಡಿ ಮುಟ್ಟಿಸಿದರು. ಮೀಟರ್ ಕುಂಯ್ ಅನ್ನಲಿಲ್ಲ. ಸ್ವಿಚ್ ತಿರುಗಿಸಿ ಇಟ್ಟು ಮತ್ತೆ ನೋಡಿದರು, ಅದೇ ಅನಂತ. ‘ವೈಂಡಿಂಗ್ ಓಪನ್. ಹೋಯ್ತು’ ಅಂತ ಕನ್ನಡಕ ತೆಗೆದರು. ನಾವೆಲ್ಲ ಒಂದು ನಿಮಿಷ ಸುಮ್ಮನೆ ನಿಂತೆವು. ಅಷ್ಟರಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ರಾಯರ ಹೆಂಡತಿ ಮಿಕ್ಸಿಯನ್ನು ಮಗುಚಿ, ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿ, ‘ಗಟ್ಟಿ ಕೊಬ್ಬರಿ ಹಾಕಿರ್ತೀರ, ಓವರ್‌ಲೋಡ್ ಆಗಿರತ್ತೆ’ ಅಂದರು. ಮಿಕ್ಸಿ ಗುರ್ರ್ ಅಂತು. ರಾಯರು ಎದೆಗುಂದಲಿಲ್ಲ. ‘ಓಪನ್ ಆಗಿತ್ತು ತಾನೆ? ಮೀಟರ್ ಸುಳ್ಳು ಹೇಳಲಿಲ್ಲ ನೋಡು.’

ನ್ಯಾಯವಾಗಿ ಹೇಳಬೇಕು, ನಮ್ಮ ಫ್ಯಾನು ಎತ್ತಿನಗಾಡಿಯಂತೆ ತಿರುಗುತ್ತಿದ್ದಾಗ ಅದರ ಕೆಪ್ಯಾಸಿಟರನ್ನು ಬಿಚ್ಚಿ, ಅದರಲ್ಲಿ ಉಳಿದಿರಬಹುದಾದ ಚಾರ್ಜನ್ನು ಮೊದಲು ಇಳಿಸಿ, 2.5 ಮೈಕ್ರೋಫ್ಯಾರಡ್ ಇರಬೇಕಾದ್ದು 1.4ಕ್ಕೆ ಬಿದ್ದಿದೆ ಅಂತ ಕಂಡುಹಿಡಿದವರು ಅವರೇ. ಹೊಸದು ಹಾಕಿದ ದಿನ ಕ್ಯಾಲೆಂಡರು ಗೋಡೆಯಿಂದ ಹಾರಿತು. ಹೊಸ ಫ್ಯಾನಿಗೆ ಎತ್ತಿಟ್ಟಿದ್ದ ದುಡ್ಡು ಉಳಿಯಿತು.

ಹಳೆಯ ಮುಳ್ಳಿನ ಮೀಟರೊಂದು ದೇವರ ಗೂಡಿನ ಪಕ್ಕದಲ್ಲಿದೆ. ಓಮ್ಸ್‌ನಲ್ಲಿಟ್ಟು ಮರೆತು ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದರಿಂದ ಮುಳ್ಳು ಸೊಟ್ಟಗಾಗಿದೆ. ಚುಚ್ಚಿದವರು ಯಾರು ಅನ್ನುವ ವಿಷಯ ಆ ಮನೆಯಲ್ಲಿ ಎತ್ತುವಂತಿಲ್ಲ.

ಮೊನ್ನೆ ಮಧ್ಯಾಹ್ನ ರಾಯರು ಬನಿಯನ್ನಿನಲ್ಲೇ ರಸ್ತೆಗೆ ಓಡಿಬಂದರು. ‘ಫ್ರಿಜ್ ಆಫ್ ಮಾಡಿ! ಟೀವಿ ಪ್ಲಗ್ ಕೀಳಿ! 271 ಇದೆ!’ 230ಕ್ಕೆ ಶೇಕಡಾ 6 ಹೆಚ್ಚುಕಡಿಮೆ, ಅಂದರೆ 244 ದಾಟುವಂತಿಲ್ಲ ಅಂತ ಕಾನೂನನ್ನೂ ಕೂಗಿದರು. ಇಡೀ ರಸ್ತೆಯ ಫ್ರಿಜ್ಜು ಟೀವಿಗಳೆಲ್ಲ ಆಫ್ ಆದವು. ಲೈನ್‌ಮನ್ ಬಂದ, ತನ್ನ ಮೀಟರ್ ಹಚ್ಚಿದ: 232. ರಾಯರದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, ‘ಇದೇನ್ ಸಾರ್, ಮೂಲೇಲಿ ಬ್ಯಾಟರಿ ಚಿತ್ರ ಬಂದಿದೆ?’ ಅಂದ. ಒಳಗಿನ ಬ್ಯಾಟರಿ ಇಳಿದರೆ ಇಂಥ ಮೀಟರ್ ಇದ್ದುದಕ್ಕಿಂತ ಹೆಚ್ಚಿಗೆ ತೋರಿಸತೊಡಗುತ್ತದೆ.

ರಾಯರು ಬ್ಯಾಟರಿ ಬಿಚ್ಚಿದರು. ಅದು ಎಷ್ಟು ಇಳಿದಿದೆ ಅಂತ ಅಳೆಯೋಣ ಅಂದರೆ, ಮೀಟರಿಗೆ ಬ್ಯಾಟರಿಯಿಲ್ಲ. ಮರುದಿನವೇ ಎಸ್.ಪಿ. ರೋಡಿಗೆ ಹೋಗಿ ಹೊಸ ಬ್ಯಾಟರಿಯ ಜೊತೆ, ಮೊದಲನೆಯದರ ಮೇಲೆ ಕಣ್ಣಿಡಲಿ ಅಂತ ಎರಡನೇ ಮೀಟರನ್ನೂ ತಂದರು.

ಈಗ ಒಂದೇ ಪ್ಲಗ್ಗಿನಲ್ಲಿ ಒಂದು 229 ಅನ್ನುತ್ತದೆ, ಇನ್ನೊಂದು 232. ಯಾವುದು ಸರಿ ಅಂತ ತೀರ್ಮಾನಿಸುವ ಮೂರನೆಯದಕ್ಕಾಗಿ ರಾಯರು ಶನಿವಾರ ಮತ್ತೆ ಎಸ್.ಪಿ. ರೋಡಿಗೆ ಹೊರಟಿದ್ದಾರೆ. ಚೀಲ ಹಿಡಿಯಲು ನನ್ನನ್ನು ಕರೆದಿದ್ದಾರೆ.