ಮೈಲೇಜಿನ ಆಸೆ, ಎಂಜಿನ್ನಿನ ಉಪವಾಸ

"ಮಾಸ್ತರ, ಗಾಡಿ ಭಾಳ ಕೆಮ್ಮಾಕತ್ತೈತ್ರಿ!" ಎಂದು ಕಂಪೌಂಡಿನ ಆಚೆಯಿಂದ ಕಾಕಾ ಕೂಗಿದರೆ ನನ್ನ ರವಿವಾರದ ಚಹಾ ಆರಿತೆಂದೇ ಲೆಕ್ಕ.

ಕಾಕಾರದು ಹಳೇ ಕಾರ್ಬ್ಯುರೇಟರ್ ಓಮ್ನಿ. ಹಿಂದಿನ ಸೀಟು ಕಿತ್ತು, ಅಮರಗೋಳದ ಎಪಿಎಂಸಿಯಿಂದ ಧಾರವಾಡಕ್ಕೆ ಉಳ್ಳಾಗಡ್ಡಿ ಹೇರುತ್ತಾರೆ. ರಾಯಾಪುರ ದಾಟುವುದರೊಳಗೆ ಅದಕ್ಕೆ ಏದುಸಿರು. ಆಕ್ಸಿಲರೇಟರ್ ಒತ್ತಿದರೆ ಕಾರ್ಬ್ಯುರೇಟರಿನಲ್ಲೇ 'ಫಟ್' ಅನ್ನುತ್ತದೆ. ಆಗ ಪಕ್ಕದಲ್ಲಿ ಚಿಗರಿ ಬಸ್ಸು ಹಾರಿಹೋದರೆ ಕಾಕಾರ ಮುಖ ನೋಡಬೇಕು!

"ಈಗಿನ ಪೆಟ್ರೋಲ ಕೆಟ್ಟೈತ್ರಿ" ಎಂಬುದು ಅವರ ತೀರ್ಪು. ಅದರಲ್ಲಿ ಒಂದಿಷ್ಟು ಖರೆ ಇದೆ. ಒಂದು ಕಿಲೋ ಪೆಟ್ರೋಲ್ ಪೂರಾ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ 9 ಕಿಲೋ ಸಾಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹನಿಸುವ ಹಳೇ ಜೆಟ್ಟಿಗೆ ಈ ಸುದ್ದಿ ಯಾರು ಮುಟ್ಟಿಸಬೇಕು? ಅದು ಮೊದಲಿನಷ್ಟೇ ಹನಿಸುತ್ತದೆ. ಗಾಳಿ ಹೆಚ್ಚಾಗಿ ಎಣ್ಣೆ ಕಡಿಮೆ ಬೀಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ 'ಲೀನ್' ಅನ್ನುತ್ತಾರೆ. ಎದುರುಮನೆಯ ಟಾಟಾ ಏಸ್‌ಗೆ ಈ ಚಿಂತೆಯಿಲ್ಲ, ಅದು ಡೀಸೆಲ್. ಹೆಚ್ಚು ಗಾಳಿಯಲ್ಲೇ ಉರಿಯುವ ಜಾತಿ.

ಆದರೆ ಎಥೆನಾಲ್ ಒಂದರಿಂದಲೇ ಇಷ್ಟು ಕೆಮ್ಮು ಬರಲಾರದು. "ಚೋಕ್ ಸ್ವಲ್ಪ ಎಳದ ನೋಡ್ರಿ" ಅಂದೆ. ಎಳೆದದ್ದೇ ತಡ, ಎಂಜಿನ್ ಹದಕ್ಕೆ ಬಂತು. ಗಾಳಿ ತಡೆದಾಗ ಸುಧಾರಿಸಿದರೆ ರೋಗ ಲೀನೇ. ತಣ್ಣಗಾದ ಮೇಲೆ ಮುಂದಿನ ಸೀಟೆತ್ತಿ ಪ್ಲಗ್ ಬಿಚ್ಚಿದೆವು. ಕಂದು ಬಣ್ಣಕ್ಕಿರಬೇಕಾದ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು.

ಗಾಳಿ ಎಲ್ಲಿಂದ ನುಸುಳುತ್ತಿದೆ? ಪ್ಲಗ್ ಮತ್ತೆ ಕೂರಿಸಿ ಎಂಜಿನ್ ಚಾಲೂ ಮಾಡಿ, ರಬ್ಬರ್ ಪೈಪಿನ ತುಂಡೊಂದರ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಮ್ಯಾನಿಫೋಲ್ಡ್ ಸುತ್ತ ಆಡಿಸಿದೆ. ಒಂದು ವ್ಯಾಕ್ಯೂಮ್ ಹೋಸ್ ಬಳಿ 'ಸ್ಸ್' ಅಂದಿತು, ನೋಡಿದರೆ ಬಿರುಕು. ಕೆಲವರು ಪೆಟ್ರೋಲ್ ಚಿಮುಕಿಸಿ ಹುಡುಕುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯೊಡನೆ ಸರಸ.

ಹೋಸ್ ಬದಲಿಸಿ, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿ, ಜೆಟ್ ತೊಳೆದರೂ ಗಾಡಿ ನಿಂತಾಗ ನಡುಗುವುದು ತಪ್ಪಲಿಲ್ಲ. "ಕಾಕಾ, ಈ ಮಿಕ್ಸ್ಚರ್ ಸ್ಕ್ರೂ ಯಾರ ತಿರುವ್ಯಾರ್ರಿ?"

"ಮೈಲೇಜ್ ಬರ್ತೈತಂತ ನಾನ ಬಿಗದೀನ್ರಿ."

ಆ ಸ್ಕ್ರೂ ನೋಡಿಕೊಳ್ಳುವುದು ಹೆಚ್ಚಾಗಿ ಐಡ್ಲಿಂಗನ್ನು. ಅದನ್ನು ಬಿಗಿದರೆ ಗಾಡಿ ಹೆಚ್ಚು ಓಡುವುದಿಲ್ಲ, ಸಿಗ್ನಲ್ಲಿನಲ್ಲಿ ಬಂದ್ ಬೀಳುತ್ತದೆ. ಎಣ್ಣೆ ಸಾಲದ ಎಂಜಿನ್ ಭಾರ ಎಳೆದರೆ ವಿಪರೀತ ಕಾಯುತ್ತದೆ, ವಾಲ್ವ್ ಸುಡುತ್ತದೆ. ಪೆಟ್ರೋಲಿನಲ್ಲಿ ಉಳಿಸಿದ್ದು ಗ್ಯಾರೇಜಿನ ಪಾಲು. ಆದ್ದರಿಂದ ಹಳೇ ಗಾಡಿಯವರೇ, ಪಾರ್ಟು ಕೊಳ್ಳುವ ಮೊದಲು ಚೋಕ್ ಎಳೆಯಿರಿ, ಪ್ಲಗ್ ನೋಡಿರಿ, ಹೋಸ್‌ಗೆ ಕಿವಿಗೊಡಿರಿ. ಇಷ್ಟಕ್ಕೆ ರೊಕ್ಕ ಬೇಕಿಲ್ಲ.