ಬಿಯರ್ ಅಂಕಲ್

ಸ್ಯಾನ್ ಹೋಸೆ ಸುತ್ತಮುತ್ತಲಿನ ಕನ್ನಡಿಗರ ಯಾವ ಯುಗಾದಿ ಕೂಟಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಗ್ಯಾರೇಜಿನಲ್ಲಿ ಬಿಯರ್. ಕಾರಿಗೆ ಬೀದಿಯೇ ಗತಿ. ಮಕ್ಕಳೆಲ್ಲ ‘ಬಿಯರ್ ಅಂಕಲ್’ ಎಂದರೆ ಅವರಿಗೆ ಬೇಜಾರಿಲ್ಲ, ಹೆಮ್ಮೆ.

ಡಬ್ಬಿಯ ಮಾಲ್ಟ್ ಪಾಕ ಕದಡಿ ಬಿಯರ್ ಮಾಡುವವರನ್ನು ಅವರು ಪೊಟ್ಟಣದ ಪುಡಿಯಲ್ಲಿ ಗುಲಾಬ್ ಜಾಮೂನು ಮಾಡುವವರ ಪಂಕ್ತಿಗೆ ಕೂರಿಸುತ್ತಾರೆ. ಅವರದೇನಿದ್ದರೂ ಕಾಳಿನಿಂದಲೇ ಶುರು. 19 ಲೀಟರ್ ಪೇಲ್ ಏಲ್ ಎಂಬ ಬಿಯರಿಗೆ ಸುಮಾರು 4.5 ಕಿಲೊ ಬಾರ್ಲಿ ಮಾಲ್ಟ್. ತರಿಯಾಗಿ ಒಡೆದು, 66 ಡಿಗ್ರಿ ನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ನೀರಿಗೆ ಜಿಪ್ಸಮ್ಮನ್ನೂ ತೂಗಿ ಹಾಕುತ್ತಾರೆ. ಹಾಪ್ಸ್ ಹೂವಿನ ಕಹಿ ಚುರುಕಾಗುತ್ತದಂತೆ.

ಅತಿಥಿಗಳ ಪ್ರಾಣ ಹಿಂಡುವುದು ಆ 66. ಒಮ್ಮೆ ‘ಊಟಕ್ಕೆ ಬನ್ನಿ’ ಎಂದರು. ಹಸಿದು ಹೋದವರಲ್ಲಿ ಬರೆಯುವ ಚಾಳಿಯವನೊಬ್ಬನ ಕೈಗೆ ಎಲೆಯ ಬದಲು ಥರ್ಮಾಮೀಟರ್ ಬಂತು. 63ಕ್ಕೆ ಇಳಿದರೆ ಸಕ್ಕರೆಯ ಬಹುಪಾಲು ಯೀಸ್ಟಿನ ಪಾಲಾಗಿ ಬಿಯರ್ ತೆಳ್ಳಗಾಗುತ್ತದೆ. 69ಕ್ಕೆ ಏರಿದರೆ ಯೀಸ್ಟಿಗೆ ದಕ್ಕದ ಸಕ್ಕರೆ ಉಳಿದು ಮಂದವಾಗುತ್ತದೆ. “ಕಣ್ಣು ತೆಗೀಬೇಡಿ ಸಾರ್!” ಆಮೇಲೆ ಸೋಸಿ, ಇನ್ನೊಂದು ಗಂಟೆ ಕುದಿ. ಮೊದಲಲ್ಲೇ ಹಾಕಿದ ಹಾಪ್ಸ್ ಕಹಿಗೆ, ಕೊನೆಯಲ್ಲಿ ಹಾಕಿದ್ದು ಘಮಕ್ಕೆ. ಒಲೆಯ ಮೇಲೆ ಪಾಕ ಕುದಿಯುತ್ತಿದ್ದದ್ದು ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯಲ್ಲೇ. “ಇವರ ಕಾಳಿನ ಕೆಲಸ ಮುಗಿಯೋವರೆಗೂ ನಮ್ಮ ಅಕ್ಕಿಗೆ ಒಲೆಯಿಲ್ಲ,” ಎಂದರು ಮನೆಯಾಕೆ. ಮೂರೂವರೆಗೆ ಪಾಕ ತಣ್ಣಗಾಗಿ ಯೀಸ್ಟ್ ಬಿತ್ತು. ಅತಿಥಿ ಲೋಟ ಚಾಚಿದ.

“ಮೂರು ವಾರ ಬಿಟ್ಟು ಬನ್ನಿ.”

ಪಾಪ ಎನ್ನಿಸಿತೇನೋ, ಹಳೆಯದೊಂದು ಬಾಟಲಿ ತೆಗೆದರು. ಕುಡಿಯುವ ಮುನ್ನ ಮೂಸಬೇಕು. ಮೂಸಿದ್ದಕ್ಕೆ ಹೆಸರು ಹೇಳಬೇಕು. ಅದು ಕ್ಯಾಸ್ಕೇಡ್ ಹಾಪ್ಸ್: 1972ರಲ್ಲಿ ಆರೆಗನ್ನಿನಿಂದ ಬಿಡುಗಡೆಯಾದ ತಳಿ, 1980ರಲ್ಲಿ ಚೀಕೊ ಊರಿನ ಸಿಯೆರಾ ನೆವಾಡ ಕಂಪನಿಯ ಪೇಲ್ ಏಲ್‌ನಿಂದ ಹೆಸರಾದದ್ದು. ಗ್ರೇಪ್‌ಫ್ರೂಟ್ ಎನ್ನುವುದು ಸರಿಯುತ್ತರ. ಅತಿಥಿ “ದೇವನಹಳ್ಳಿ ಚಕ್ಕೋತ” ಎಂದುಬಿಟ್ಟ. ಅಂಕಲ್ಲಿನ ಉಪನ್ಯಾಸ ಅಲ್ಲಿಗೇ ನಿಂತಿತು. ಸೋದರಮಾವನ ತೋಟ, ಉಪ್ಪು ಖಾರ ಹಚ್ಚಿದ ತೊಳೆ, ಎಲ್ಲ ಹೊರಬಂತು. ಕಹಿ ಎಷ್ಟು ಯೂನಿಟ್ಟು ಎಂದು ಹೇಳುವುದನ್ನೇ ಮರೆತರು.

ಮನೆಯಲ್ಲಿ ಬಿಯರ್ ಮಾಡಲು ಅಮೆರಿಕದ ಕೇಂದ್ರ ಸರ್ಕಾರ ಒಪ್ಪಿದ್ದು ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ. ಮಗಳು ದೂರದ ಕಾಲೇಜಿನಲ್ಲಿ, ಹೆಂಡತಿ ಬಿಯರ್ ಮುಟ್ಟುವುದಿಲ್ಲ. ಕುಡಿಯಲು ಯಾರಾದರೂ ಬರಲೇಬೇಕು.

ಹಾಗಾಗಿ ಹೊರಟವರ ಕೈಗೆಲ್ಲ ಬಾಟಲಿ, ಜೊತೆಗೊಂದು ಕರಾರು: ತೊಳೆದು ತಂದುಕೊಡದವರಿಗೆ ಮುಂದೆ ಕರೆಯಿಲ್ಲ. ಬರೆಯುವ ಚಾಳಿಯವನ ಮನೆಯಲ್ಲಿ ತೊಳೆಯದ ಬಾಟಲಿಗಳು ಸಾಲಾಗಿ ನಿಂತಿವೆ. ಆದರೂ ಶುಕ್ರವಾರ ರಾತ್ರಿ ಫೋನ್ ಬರುತ್ತದೆ: “ನಾಳೆ ಊಟಕ್ಕೆ ಬನ್ನಿ ಸಾರ್. ಬರ್ತಾ ತಿಂಡಿ ಮಾತ್ರ ತಿಂದ್ಕೊಂಡೇ ಬನ್ನಿ.”